ಇಸ್ತ್ರಿಯ ಬಿಸಿ ಆರುವ ಮುನ್ನ

ಡಿಸೆಂಬರ್ ಬಂತೆಂದರೆ ನಮ್ಮ ಮನೆಯಲ್ಲಿ ಬೆಳಗಿನ ಮೊದಲ ತಕರಾರು ಇಸ್ತ್ರಿ ಪೆಟ್ಟಿಗೆಯದು. ಹಿಂದಿನ ದಿನವೇ ಇಸ್ತ್ರಿ ಮಾಡಿ ಮಡಿಸಿಟ್ಟ ಸೀರೆ ರವಿಕೆಗಳನ್ನು, ಶಾಲೆಗೆ ಹೊರಡುವ ಹತ್ತು ನಿಮಿಷ ಮೊದಲು ಬಿಚ್ಚಿ, ಇನ್ನೊಂದು ಸಲ ಇಸ್ತ್ರಿ ಎಳೆದು, ಬಿಸಿ ಆರುವ ಮುನ್ನವೇ ಉಟ್ಟುಕೊಳ್ಳುತ್ತೇನೆ. ಮದುವೆಯಾದ ಹೊಸದರಲ್ಲಿ ನಮ್ಮ ಮನೆಯವರು ಇದನ್ನು ನೋಡಿ ಗಾಬರಿಯಾಗಿದ್ದರು. ಆಮೇಲೆ ಅವರಿಗೆ ಇದೊಂದು ತಮಾಷೆಯಾಯಿತು.

"ಅಲ್ಲ ಕಣೇ, ನೀನು ಉಡೋದು ಸೀರೇನಾ, ಮಸಾಲೆ ದೋಸೇನಾ? ಬಿಸಿ ಆರಿದ್ರೆ ರುಚಿ ಕೆಟ್ಟುಹೋಗತ್ತಾ?"

"ಹೌದು ಕಣ್ರೀ, ಕೆಟ್ಟುಹೋಗತ್ತೆ" ಎಂದು ನಾನು ಸೆರಗು ಎಳೆದುಕೊಂಡು ಹೊರಟುಬಿಡುತ್ತೇನೆ. ಬಸ್ ಸ್ಟಾಪಿನವರೆಗೂ ಬೆನ್ನು ಬೆಚ್ಚಗಿರುತ್ತದೆ. ಬಸ್ಸು ಬರುವಷ್ಟರಲ್ಲಿ ಬಿಸಿ ಆರಿರುತ್ತದೆ, ನಿಜ. ಆದರೆ ಅಷ್ಟರಲ್ಲಿ ದಿನ ಶುರುವಾಗಿರುತ್ತದಲ್ಲ, ಅಷ್ಟು ಸಾಕು.

ಮೊನ್ನೆ ಸ್ಟಾಫ್ ರೂಮಿನಲ್ಲಿ ಇದೇ ಮಾತು ಬಂತು. ನಾನು ವಿಜ್ಞಾನ ಹೇಳಿಕೊಡುವ ಶಾಲೆಯಲ್ಲಿ ವೀಣಾ ಮೇಡಂ ಇಂಗ್ಲಿಷ್ ಹೇಳಿಕೊಡುತ್ತಾರೆ. ಅವರು ಒಂದು ವಾರಪತ್ರಿಕೆ ಹಿಡಿದು, ಚಳಿಗಾಲದಲ್ಲಿ ಮನಸ್ಸು ಮಂಕಾದರೆ ಏನೇನು ಮಾಡಬೇಕೆಂದು ಗಟ್ಟಿಯಾಗಿ ಓದುತ್ತಿದ್ದರು. ಬಿಸಿಲಿಗೆ ಮೈಯೊಡ್ಡಿ, ನಡೆಯಿರಿ, ನಾಲ್ಕು ಜನರ ಜತೆ ಬೆರೆಯಿರಿ, ಗಾಢ ಬಣ್ಣದ ಬಟ್ಟೆ ತೊಡಿ, ಹೀಗೆ.

"ಸುಶೀಲಾ ಮೇಡಂ, ನೀವು ಯಾವಾಗ್ಲೂ ಲವಲವಿಕೆಯಿಂದ ಇರ್ತೀರಲ್ಲ, ನೀವೇನ್ ಮಾಡ್ತೀರಾ?" ಎಂದು ಕೇಳಿದರು.

"ನಾನು ಬಿಸಿ ಬ್ಲೌಸ್ ಹಾಕ್ಕೋತೀನಿ" ಎಂದೆ.

ಎಲ್ಲರೂ ನಕ್ಕರು. ಅಷ್ಟರಲ್ಲಿ ಬೆಲ್ಲಾಯಿತು, ವಿವರಿಸಲು ಪುರುಸೊತ್ತು ಸಿಗಲಿಲ್ಲ. ಅಂದು ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ, ಕೂತ್ಕೊಳ್ಳಿ.

ನಮ್ಮದು ಇಸ್ತ್ರಿ ಗಾಡಿಯ ಮನೆ. ತ್ಯಾಗರಾಜನಗರದ ಒಂದು ಅಡ್ಡರಸ್ತೆಯಲ್ಲಿ, ಹೊಂಗೆ ಮರದ ಕೆಳಗೆ ಅಪ್ಪನ ತಳ್ಳುಗಾಡಿ ನಿಂತಿರುತ್ತಿತ್ತು. ತಳ್ಳುಗಾಡಿ ಎಂದು ಹೆಸರು, ತಳ್ಳಿದ್ದನ್ನು ನಾನಂತೂ ನೋಡಿಲ್ಲ. ಅದರ ಚಕ್ರಗಳು ಎಂದೋ ಮಣ್ಣಿನಲ್ಲಿ ಹೂತು ಮರದ ಜತೆಗೇ ಬೆಳೆದಂತಿದ್ದವು. ಮೇಲೆ ನಾಲ್ಕು ಮಡಿಕೆ ಕಂಬಳಿ, ಅದರ ಮೇಲೊಂದು ಬಿಳಿ ದುಪ್ಪಟಿ, ನೀರು ಚಿಮುಕಿಸಲು ತೂತು ಮಾಡಿದ ಡಬ್ಬ. ಮತ್ತೆ ಆ ಹಿತ್ತಾಳೆಯ ಪೆಟ್ಟಿಗೆ. ಇದ್ದಿಲು ತುಂಬಿ ಕೆಂಡ ಮಾಡಿ, ಅಪ್ಪ ಅದನ್ನು ತೊಟ್ಟಿಲಿನಂತೆ ಅತ್ತಿತ್ತ ತೂಗಿ ಉರಿ ಎಬ್ಬಿಸುತ್ತಿದ್ದ. ಬೀದಿನಾಯಿಯೊಂದು ಗಾಡಿಯ ಕೆಳಗೆ ಕೆಂಡದ ಬೂದಿ ಸುರಿಯುವ ಜಾಗವನ್ನೇ ನೋಡಿಕೊಂಡು ಮಲಗುತ್ತಿತ್ತು. ಇಡೀ ರಸ್ತೆಯಲ್ಲಿ ಚಳಿಗಾಲವನ್ನು ಸರಿಯಾಗಿ ಅರ್ಥ ಮಾಡಿಕೊಂಡಿದ್ದ ಪ್ರಾಣಿ ಅದೊಂದೇ.

ಬೆಂಗಳೂರಿನ ಚಳಿಯನ್ನು ಚಳಿ ಎಂದರೆ ಉತ್ತರದ ಕಡೆಯಿಂದ ಬಂದವರು ನಗುತ್ತಾರೆ. ನಾವು ಮಂಕಿ ಟೋಪಿ ಏರಿಸಿಕೊಂಡು ಹಾಲಿನ ಬೂತಿಗೆ ಹೋಗುವುದನ್ನು ನೋಡಿ ಇನ್ನೂ ನಗುತ್ತಾರೆ. ನಗಲಿ. ಮೂರು ದಿನ ಬಿಡದೆ ಮೋಡ ಕವಿದು, ಒಗೆದ ಬಟ್ಟೆ ತಂತಿಯ ಮೇಲೆ ಹಸಿಯಾಗಿಯೇ ಜೋತಾಡುತ್ತ, ಮಧ್ಯಾಹ್ನ ಮೂರಕ್ಕೇ ಸಂಜೆಯಾದ ಹಾಗೆ ಕಾಣತೊಡಗಿದಾಗ ಅವರ ಮುಖವೂ ಸಣ್ಣಗಾಗುವುದನ್ನು ನಾನು ನೋಡಿದ್ದೇನೆ. ಇಸ್ತ್ರಿಯವರಿಗಂತೂ ಅದು ಕಷ್ಟದ ಕಾಲ. ಬಟ್ಟೆಗಳು ಅರ್ಧ ಹಸಿಯಾಗಿಯೇ ಬರುತ್ತವೆ. ಒಂದು ಅಂಗಿಗೆ ಎರಡು ಅಂಗಿಯ ಕೆಂಡ ಬೇಕು. ಅದರ ಮೇಲೆ ಸ್ವೆಟರ್ ಎಂಬ ಶತ್ರು.

"ಚಿಕ್ಕಣ್ಣ, ಹೆಂಗೂ ಮೇಲ್ಗಡೆ ಸ್ವೆಟರ್ ಬರತ್ತೆ. ಕಾಲರ್ ಒಂದ್ ಎಳ್ಕೊಟ್ಬಿಡು ಸಾಕು" ಎನ್ನುವ ಗಿರಾಕಿಗಳು ಚಳಿಗಾಲಕ್ಕೆ ನಾಲ್ಕಾರು ಜನವಾದರೂ ಸಿಗುತ್ತಿದ್ದರು.

ಅಪ್ಪ ಬರೀ ಕಾಲರ್ ಎಳೆದು ಕೊಟ್ಟದ್ದಿಲ್ಲ. "ಒಳಗಡೆ ಅಂಗಿ ಹೆಂಗಿದೆ ಅಂತ ನೋಡೋರಿಗೆ ಗೊತ್ತಾಗಲ್ಲ ಸಾರ್. ಹಾಕ್ಕೊಂಡಿರೋರಿಗೆ ಗೊತ್ತಾಗತ್ತೆ" ಎಂದು ಪೂರ್ತಿ ಅಂಗಿಯನ್ನೇ ಹರಡುತ್ತಿದ್ದ.

ಬನಶಂಕರಿಯ ಹಿಂಭಾಗದಲ್ಲಿದ್ದ ನಮ್ಮ ಶೀಟಿನ ಮನೆಯಲ್ಲಿ ಚಳಿಗಾಲದ ಬೆಳಿಗ್ಗೆ ಸೂರಿನಿಂದಲೇ ತೊಟ್ಟಿಕ್ಕುತ್ತಿತ್ತು, ರಾತ್ರಿಯೆಲ್ಲ ನಾವು ಬಿಟ್ಟ ಉಸಿರೇ ಶೀಟಿಗೆ ತಾಗಿ ನೀರಾಗಿ. ಶಾಲೆಗೆ ಹೋಗಲಾರೆ ಎಂದು ನಾನು ಮುಖ ಊದಿಸಿಕೊಂಡರೆ ಅಮ್ಮ ಕೂಗಾಡುತ್ತಿದ್ದಳು. ಅಪ್ಪ ಹಾಗಲ್ಲ. ಬುದ್ಧಿ ಹೇಳುವುದು ಅವನಿಗೆ ಬರುತ್ತಲೇ ಇರಲಿಲ್ಲ. ಬಾಗಿಲ ಬಳಿ ಕೂತು, ಬೆಳಗಿನ ಮೊದಲ ಕೆಂಡದಲ್ಲಿ ನನ್ನ ಯೂನಿಫಾರಂ ಅಂಗಿಗೆ ಇಸ್ತ್ರಿ ಎಳೆದು, ಮಡಿಸದೆ ಹಾಗೇ ಎರಡೂ ಕೈಯಲ್ಲಿ ಹಿಡಿದು ತಂದು ನನ್ನ ಬೆನ್ನಿಗೆ ಹೊದಿಸುತ್ತಿದ್ದ. ಅಯ್ಯೋ, ಆ ಸುಖವನ್ನು ಹೇಗೆ ಹೇಳಲಿ! ಮೂರನೇ ಕ್ಲಾಸಿನ ಮಗುವಿಗೆ ರಾಜ್ಯ ಕೊಟ್ಟರೂ ಅಷ್ಟು ಖುಷಿಯಾಗಲಿಕ್ಕಿಲ್ಲ. ಮೈಗೆ ಅಂಗಿ ತಾಗಿದ್ದೇ ತಡ, ಸಿಟ್ಟು ಎಲ್ಲಿತ್ತು ಎಂದು ಹುಡುಕಬೇಕು.

ಆ ಪೆಟ್ಟಿಗೆಯ ಮೇಲೆ ನನಗೆ ಎಷ್ಟು ನಂಬಿಕೆ ಬಂದುಬಿಟ್ಟಿತ್ತೆಂದರೆ, ಒಮ್ಮೆ ಬ್ರೆಡ್ಡಿನ ಎರಡು ತುಂಡನ್ನು ಪೇಪರಿನಲ್ಲಿ ಸುತ್ತಿ ಇಸ್ತ್ರಿ ಮಾಡಿದ್ದೆ. ಬ್ರೆಡ್ಡೇನೋ ಚೆನ್ನಾಗಿಯೇ ಕೆಂಪಗಾಯಿತು. ಜತೆಗೆ ಅಂದಿನ ಪೇಪರಿನ ವಾರಭವಿಷ್ಯವೂ ಅದರ ಮೇಲೆ ಅಚ್ಚಾಯಿತು. ನಾನು ತುಲಾ, ಧನುಸ್ಸು ಎರಡನ್ನೂ ತಿಂದೆ.

ಇಂಥ ಮನೆಯಿಂದ ಬಿ.ಎಸ್ಸಿ. ಓದಲು ಹೋದವಳು ನಾನು. ನಮ್ಮಪ್ಪನ ಕಡೆ, ಅಮ್ಮನ ಕಡೆ, ಎರಡೂ ಕಡೆ ಸೇರಿಸಿ ಕಾಲೇಜಿನ ಮೆಟ್ಟಿಲು ಹತ್ತಿದವರು ಬೇರೆ ಯಾರೂ ಇರಲಿಲ್ಲ. ಇದನ್ನು ಹೇಳುವಾಗ ನನಗೆ ಇವತ್ತಿಗೂ ಸ್ವಲ್ಪ ಜಂಬ ಬರುತ್ತದೆ, ಬರಲಿ ಬಿಡಿ. ಆಗಂತೂ ಆ ಜಂಬಕ್ಕೆ ಅಳತೆಯೇ ಇರಲಿಲ್ಲ. ಕಲಿತದ್ದನ್ನು ಗಾಡಿಗೂ ಉಪಯೋಗಿಸಬೇಕೆಂದು ಹೊರಟೆ.

ಅಪ್ಪನಿಗೆ ಓದು ಬರುತ್ತಿರಲಿಲ್ಲ. ಇಸ್ತ್ರಿಯಾದ ಬಟ್ಟೆಗಳನ್ನು ಪೇಪರಿನಲ್ಲಿ ಸುತ್ತಿ, ಮನೆಗೊಂದು ಬಣ್ಣದ ದಾರ ಕಟ್ಟುವುದು ಅವನ ಪದ್ಧತಿ. ಹಸಿರು ದಾರಕ್ಕೆ ಎರಡು ಗಂಟು ಇದ್ದರೆ ಐದನೇ ಮೇನಿನ ರಂಗಸ್ವಾಮಿ ಅಂಕಲ್ ಮನೆ. ಕೆಂಪು ದಾರಕ್ಕೆ ಒಂದೇ ಗಂಟು ಇದ್ದರೆ ಮೂಲೆ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಗದಗಿನ ಹುಡುಗರದು. ಹೀಗೆ ಇಡೀ ಬಡಾವಣೆ ಅವನ ತಲೆಯಲ್ಲಿ ದಾರದ ಉಂಡೆಯಾಗಿ ಕೂತಿತ್ತು. ನನಗೆ ಇದು ಅವಮಾನ ಎನ್ನಿಸಿತು. ಸೈನ್ಸ್ ಓದುವ ಮಗಳಿರುವಾಗ ದಾರವೇ? ಕಾಲೇಜಿನ ಹಳೇ ನೋಟ್‌ಬುಕ್ ಕತ್ತರಿಸಿ, ದುಂಡಗಿನ ಅಕ್ಷರದಲ್ಲಿ ಒಂದೊಂದು ಮನೆಯ ಹೆಸರು ಬರೆದು, ಪೊಟ್ಟಣಗಳಿಗೆ ಗುಂಡುಪಿನ್ನಿನಲ್ಲಿ ಚೀಟಿ ಸಿಗಿಸತೊಡಗಿದೆ. ಬೆಳಿಗ್ಗೆ ಪೊಟ್ಟಣ ಹಂಚಲು ನಾನೋ ಅಮ್ಮನೋ ಹೋಗುತ್ತಿದ್ದೆವು. ಅಪ್ಪ ಬೇಡವೆನ್ನಲಿಲ್ಲ. ಚೀಟಿಯ ಕೆಳಗೆ ತನ್ನ ಪಾಡಿಗೆ ದಾರವನ್ನೂ ಕಟ್ಟುತ್ತಲೇ ಇದ್ದ.

"ಯಾಕಪ್ಪ, ಚೀಟಿ ಇದೆಯಲ್ಲ?"

"ಇರ್ಲಿ ಬಿಡಮ್ಮ. ಯಾವ್ದಕ್ಕೂ ಇರ್ಲಿ."

ಅಷ್ಟೇ ಅಲ್ಲ, ಬಟ್ಟೆ ಕೊಡಲು ಬಂದವರಿಗೆಲ್ಲ ಚೀಟಿ ತೋರಿಸಿ, "ನನ್ ಮಗಳು ಬರ್ದಿರೋದು. ಬಿಯೆಸ್ಸಿ" ಎನ್ನುತ್ತಿದ್ದ. ಇನ್ನೂ ಪಾಸಾಗಿರಲಿಲ್ಲ ಎನ್ನುವುದು ಅವನ ಲೆಕ್ಕಕ್ಕೇ ಇರಲಿಲ್ಲ.

ಇನ್ನು ಆ ವರ್ಷದ ಮಾತು. ತೊಂಬತ್ತರ ದಶಕ ಇನ್ನೇನು ಮುಗಿಯುವುದರಲ್ಲಿತ್ತು. ಕೊನೆಯ ವರ್ಷದ ಪರೀಕ್ಷೆಯಲ್ಲಿ ಎಲ್ಲ ವಿಷಯವೂ ಪಾಸಾಗಿ ಭೌತಶಾಸ್ತ್ರದ ಒಂದೇ ಒಂದು ಪತ್ರಿಕೆ ಉಳಿದುಕೊಂಡಿತು. ಅಕ್ಟೋಬರಿನಲ್ಲಿ ಮತ್ತೆ ಕಟ್ಟಿದೆ. ಡಿಸೆಂಬರಿನಲ್ಲಿ ಫಲಿತಾಂಶ ಬಂತು. ಮತ್ತೆ ಫೇಲು. ಆ ಪತ್ರಿಕೆ ಯಾವುದೆಂದು ಈಗ ಹೇಳುವುದಿಲ್ಲ, ಆಮೇಲೆ ಹೇಳುತ್ತೇನೆ, ನಿಮಗೆ ನಗು ಬರುತ್ತದೆ. ಅವತ್ತು ನನಗೆ ಬರಲಿಲ್ಲ.

ನೋಟಿಸ್ ಬೋರ್ಡಿನಿಂದ ಸೀದಾ ಮನೆಗೆ ಬಂದು ಕಂಬಳಿ ಹೊದ್ದು ಮಲಗಿದವಳು ಹನ್ನೊಂದು ದಿನ ಸರಿಯಾಗಿ ಏಳಲಿಲ್ಲ. ಹೊರಗೆ ಅದೇ ಮೋಡ, ಅದೇ ಬೂದಿ ಬಣ್ಣದ ಆಕಾಶ. ಹಲ್ಲುಜ್ಜುವುದಕ್ಕೂ ಬೇಸರ. ಸೊಗಡು ಅವರೆಕಾಯಿಯ ಕಾಲ. ಪಕ್ಕದ ಮನೆಯ ಸಾರಿನ ಘಮ ಗೋಡೆ ದಾಟಿ ಬರುತ್ತಿತ್ತು. ಅದಕ್ಕೂ ನನ್ನ ಮೂಗು ಅರಳಲಿಲ್ಲ ಎಂದರೆ ಪರಿಸ್ಥಿತಿ ನಿಮಗೆ ಅರ್ಥವಾಗಬೇಕು.

"ಏಳೇ ಮಾರಾಯ್ತಿ. ಇನ್ನೆರಡ್ ದಿನ ಹಿಂಗೇ ಮಲ್ಗಿದ್ರೆ ಕಂಬಳಿ ಬೇರು ಬಿಡತ್ತೆ" ಎಂದಳು ಅಮ್ಮ.

"ಬಿಡ್ಲಿ."

"ಅದೇನೋ ಫಾರಂ ತುಂಬ್ಬೇಕು ಅಂತಿದ್ದೆ?"

"ತುಂಬಲ್ಲ. ಓದಿದ್ದು ಸಾಕು."

ಏಪ್ರಿಲ್ ಪರೀಕ್ಷೆಗೆ ಕೂರಬೇಕಾದರೆ ಬರುವ ಶುಕ್ರವಾರದೊಳಗೆ ಫಾರಂ ಕೊಡಬೇಕಿತ್ತು. ಕೊಡುವುದಿಲ್ಲ ಎಂದು ನಾನು ತೀರ್ಮಾನಿಸಿಯಾಗಿತ್ತು. ಮೂರು ವರ್ಷ ಓದಿ, ಒಂದು ಪತ್ರಿಕೆಗೆ ಸೋತು, ಇಸ್ತ್ರಿ ಗಾಡಿಯವನ ಮಗಳು ಎಲ್ಲಿಂದ ಹೊರಟಿದ್ದಳೋ ಅಲ್ಲಿಗೇ ಬಂದು ನಿಲ್ಲುತ್ತಾಳೆ, ಅಷ್ಟೇ ತಾನೆ ಎಂದುಕೊಂಡೆ. ಅಪ್ಪ ಗಿರಾಕಿಗಳ ಹತ್ತಿರ "ಬಿಯೆಸ್ಸಿ" ಎನ್ನುವುದನ್ನು ನಿಲ್ಲಿಸಿದ್ದ. ಅದು ಅಮ್ಮನಿಂದ ಗೊತ್ತಾಯಿತು, ಗೊತ್ತಾಗಿ ಇನ್ನಷ್ಟು ಮುಸುಕೆಳೆದುಕೊಂಡೆ.

ಮಂಗಳವಾರ ಅಮ್ಮನಿಗೆ ಜ್ವರ ಬಂತು. ಪೊಟ್ಟಣ ಹಂಚಲು ನಾನೇ ಹೋಗಬೇಕಾಯಿತು. ತಲೆಗೆ ಶಾಲು ಸುತ್ತಿಕೊಂಡು, ಯಾರಾದರೂ ರಿಸಲ್ಟ್ ಕೇಳಿಯಾರೆಂದು ನೆಲ ನೋಡುತ್ತ ಗಾಡಿಯ ಹತ್ತಿರ ಹೋದೆ. ಕೂತು ಚೀಟಿ ಸಿಗಿಸಿದೆ. ಕೈ ಸಿಗಿಸುತ್ತಿತ್ತು, ಮನಸ್ಸು ಇನ್ನೂ ಕಂಬಳಿಯ ಕೆಳಗೇ ಇತ್ತು.

ಅಪ್ಪ ಒಂದು ಪೊಟ್ಟಣವನ್ನು ತಿರುಗಿಸಿ ನೋಡಿ, "ಸುಶೀಲಾ, ಇದು ಹುಡುಗ್ರದಲ್ವೇನಮ್ಮ? ಕೆಂಪು ದಾರ ಐತೆ" ಎಂದ.

"ರಂಗಸ್ವಾಮಿ ಅಂಕಲ್‌ದು. ಚೀಟಿ ಇದೆ ನೋಡು."

"ಇಲ್ಲ ಕಣಮ್ಮ, ನಾನೇ ಕಟ್ಟಿದ್ದು..."

ನನಗೆ ಎಲ್ಲಿತ್ತೋ ಕೋಪ. "ದಾರ ಮಾತಾಡತ್ತೋ ಅಕ್ಷರ ಮಾತಾಡತ್ತೋ? ಓದಕ್ಕೆ ಬರೋದು ಇಲ್ಲಿ ಯಾರಿಗೆ, ನಿಂಗಾ ನಂಗಾ?"

ಆಡಿದ ಮೇಲೆ ನನಗೇ ಕೇಳಿಸಿತು. ಅಪ್ಪ ಪೊಟ್ಟಣವನ್ನು ಮೆಲ್ಲಗೆ ಚೀಲದೊಳಗಿಟ್ಟು, "ಸರಿ ಹೋಗ್ಬಾ" ಎಂದು ಪೆಟ್ಟಿಗೆ ತೂಗತೊಡಗಿದ. ನಾನು ಹೋಗಿ ಎರಡೂ ಮನೆಗೆ ಪೊಟ್ಟಣ ಕೊಟ್ಟು, ಬಾಗಿಲು ತೆರೆದವರ ಮುಖವನ್ನೂ ನೋಡದೆ ಬಂದೆ.

ಒಂದು ಗಂಟೆಯಾಗಿರಬಹುದು. ಗಾಡಿಯ ಪಕ್ಕದ ಕಲ್ಲಿನ ಮೇಲೆ ಕೂತಿದ್ದೆ. ರಂಗಸ್ವಾಮಿ ಅಂಕಲ್ ಮನೆಯ ಆಂಟಿ ಸೆರಗು ಬಾಯಿಗೆ ಒತ್ತಿಕೊಂಡು ಬಂದರು. ಅಳುತ್ತಿದ್ದಾರೆಂದುಕೊಂಡು ಗಾಬರಿಯಾದೆ.

"ಚಿಕ್ಕಣ್ಣ, ನಮ್ಮನೇಗೆ ಜೀನ್ಸ್ ಪ್ಯಾಂಟ್ ಕಳಿಸಿದ್ದೀಯಲ್ಲಪ್ಪ! ಇವ್ರು ಅದನ್ನ ಹಿಡ್ಕೊಂಡು ಅರ್ಧ ಗಂಟೆಯಿಂದ ಕನ್ನಡಿ ಮುಂದೆ ನಿಂತಿದಾರೆ. ಹಾಕ್ಕೊಂಡು ನೋಡ್ಲೇನೇ ಅಂತಾರೆ. ರಿಟೈರಾಗಿ ಎಂಟು ವರ್ಷ ಆಯ್ತು!" ನಕ್ಕೂ ನಕ್ಕೂ ಆಂಟಿಗೆ ಕಣ್ಣಲ್ಲಿ ನೀರು. "ಬೇಗ ಬಾಮ್ಮ ಸುಶೀಲಾ, ಹಾಕ್ಕೊಂಡ್‌ಗೀಕ್ಕೊಂಡಾರು."

ಅಪ್ಪನ ಕಡೆ ನೋಡಿದೆ. ಅಪ್ಪ ಬಹಳ ಶ್ರದ್ಧೆಯಿಂದ ಒಂದು ದಿಂಬಿನ ಕವರಿಗೆ ಇಸ್ತ್ರಿ ಎಳೆಯುತ್ತಿದ್ದ. ದಿಂಬಿನ ಕವರಿಗೆ ಅಷ್ಟು ಶ್ರದ್ಧೆ ಬೇಕಾಗಿರಲಿಲ್ಲ.

ಅಂಕಲ್ ಮನೆಯಿಂದ ಪೊಟ್ಟಣ ತೆಗೆದುಕೊಂಡು, ಅವರು ಬಲವಂತವಾಗಿ ಕೈಗಿತ್ತ ಕಾಫಿಯನ್ನು ಗಂಟಲಿಗೆ ಸುರಿದುಕೊಂಡು, ಮೂಲೆ ಮನೆಗೆ ಓಡಿದೆ. ಹನ್ನೊಂದು ದಿನದ ಮೇಲೆ ಓಡಿದ್ದು. ಮಹಡಿ ಹತ್ತುವಾಗ ಉಸಿರು ಕಟ್ಟಿತು. ಮೇಲೆ ಗದಗಿನ ಮೂವರಲ್ಲಿ ಒಬ್ಬ ಕೂತು ಅವಲಕ್ಕಿ ತಿನ್ನುತ್ತಿದ್ದ.

"ಬಟ್ಟಿ ಅದಲಿ ಬದಲಿ ಆಗ್ಯಾವ್ರಿ ಅಕ್ಕಾರ" ಎಂದ, ಅವಲಕ್ಕಿ ತಿನ್ನುವುದನ್ನು ನಿಲ್ಲಿಸದೆ.

"ಗೊತ್ತಾಯ್ತು, ತಂದಿದೀನಿ. ಆ ಪೊಟ್ಟಣ ಕೊಡಿ."

"ಕೊಡಾಕ ಇಲ್ಲಲ್ರಿ. ಹೊತ್ತಾತಂತ ಬಸವರಾಜ ಅವನ್ನ ಹಾಕ್ಕೊಂಡು ಇಂಟರ್‌ವ್ಯೂಗೆ ಹೋಗ್ಯಾನ."

ಬಸವರಾಜ ಎಂದರೆ ಮೂವರಲ್ಲಿ ಉದ್ದನೆಯವನು, ಕೆಲಸ ಹುಡುಕುತ್ತಿದ್ದವನು. ಅವನ ಹತ್ತಿರ ಇದ್ದ ಒಂದೇ ಒಳ್ಳೆಯ ಪ್ಯಾಂಟು ಶರಟು ಆ ಜೀನ್ಸಿನ ಜತೆಗೇ ನನ್ನ ಕೈಯಲ್ಲಿದ್ದ ಪೊಟ್ಟಣದಲ್ಲಿತ್ತು. ಉಳಿದದ್ದು ಮೂರು ದಿನದಿಂದ ಬಿಸಿಲಿಲ್ಲದೆ ತಂತಿಯ ಮೇಲೆ ಹಸಿಯಾಗಿತ್ತು. ಜತೆಗಿದ್ದ ಇಬ್ಬರೂ ಗಿಡ್ಡರು, ಅವರ ಪ್ಯಾಂಟು ಇವನ ಮೊಣಕಾಲಿನಿಂದ ಸ್ವಲ್ಪ ಕೆಳಗೆ ಬರುತ್ತಿತ್ತಷ್ಟೆ. ಪಾಪ, ರಂಗಸ್ವಾಮಿ ಅಂಕಲ್ಲರ ಉದ್ದ ಹೇಗೋ ಸರಿಹೋಗಿದೆ. ಅಗಲ? ಅಂಕಲ್ಲರ ಸೊಂಟದ ಅಳತೆ ನಮ್ಮ ಗಾಡಿಗೆ ಗೊತ್ತು. ಅವರ ಒಂದು ಪ್ಯಾಂಟು ಹರಡಿದರೆ ಕಂಬಳಿಯ ಈ ತುದಿಯಿಂದ ಆ ತುದಿ.

ಮೆಟ್ಟಿಲ ಮೇಲೆಯೇ ಕೂತೆ. ಎಲ್ಲಿಗೆಂದು ಹೋಗಲಿ? ಅಪ್ಪನಿಗೆ ಮುಖ ತೋರಿಸುವ ಧೈರ್ಯವಿರಲಿಲ್ಲ. ನನ್ನ ದುಃಖ ನನ್ನೊಬ್ಬಳದು ಎಂದು ಹನ್ನೊಂದು ದಿನ ಹೊದ್ದು ಮಲಗಿದ್ದೆನಲ್ಲ, ಅದೀಗ ಕಂಬಳಿಯಿಂದ ಹೊರಗೆ ಬಂದು ಯಾರದೋ ಕೆಲಸಕ್ಕೆ ಕಲ್ಲು ಹಾಕಿತ್ತು. ಮಧ್ಯಾಹ್ನದ ಹೊತ್ತಿಗೆ ಮೋಡ ಸರಿದು ಮೆಟ್ಟಿಲ ಮೇಲೆ ಒಂದು ಮೊಳ ಬಿಸಿಲು ಬಿತ್ತು. ಬೇಡವೆಂದರೂ ಬೆನ್ನು ಕಾಯಿತು.

ಎರಡು ಗಂಟೆಗೆ ಬಸವರಾಜ ಬಂದ. ರಸ್ತೆಯ ತಿರುವಿನಲ್ಲಿ ಮೊದಲು ಪ್ಯಾಂಟು ಕಾಣಿಸಿತು, ಆಮೇಲೆ ಅವನು. ಎಡಗೈ ಸೊಂಟದಲ್ಲಿ, ಬಲಗೈಯಲ್ಲಿ ಫೈಲು. ಗಾಳಿ ಬೀಸಿದಾಗ ಆ ಪ್ಯಾಂಟು ಹಡಗಿನ ಪಟದ ಹಾಗೆ ಊದಿಕೊಳ್ಳುತ್ತಿತ್ತು.

"ತಪ್ಪಾಯ್ತು" ಎಂದು ಎದ್ದು ನಿಂತೆ. "ಚೀಟಿ ಅದಲು ಬದಲಾಯ್ತು. ಎಲ್ಲಾ ನಂದೇ ತಪ್ಪು. ನಮ್ಮಪ್ಪ ಹೇಳಿದ್ರೂ ಕೇಳ್ಲಿಲ್ಲ. ಇಂಟರ್‌ವ್ಯೂ..."

"ಆತ್ರಿ ಇಂಟರ್‌ವ್ಯೂ" ಎಂದು ಅವನು ಮೆಟ್ಟಿಲ ಮೇಲೆ ಕೂತ. ಎರಡೂ ಕಡೆ ಪ್ಯಾಂಟು ಹರಡಿಕೊಂಡಿತು. "ಏನ್ ಹೇಳ್ಲಿರಿ ಅಕ್ಕಾರ. ಈ ಪ್ಯಾಂಟಿನ್ಯಾಗ ನಾ ಒಬ್ಬಾಂವ ಹೋಗಿದ್ದೇ ತಪ್ಪಾತು, ಇನ್ನೂ ಇಬ್ರು ಹಿಡೀತಿದ್ರು. ಪಿನ್ನು ಹಚ್ಚಿದ್ದೆ. ಒಳಗ ಹೋದ ಕೂಡ್ಲೆ ಪಿನ್ನು ಬಿಚ್ಚಿತು. ಮೂರು ಮಂದಿ ಸಾಹೇಬ್ರು ಎದ್ದು ಕೈ ಕೊಟ್ರು. ನಾ ಒಂದು ಕೈಯಾಗ ಪ್ಯಾಂಟು ಹಿಡ್ಕೊಂಡು ಇನ್ನೊಂದು ಕೈ ಕೊಟ್ಟೆ. ಸರ್ಟಿಫಿಕೇಟ್ ತೋರಸ್ರಿ ಅಂದ್ರು. ಫೈಲ್ ಬಿಚ್ಚಾಕ ಎರಡು ಕೈ ಬೇಕಲ್ರಿ?"

"ಆಮೇಲೆ?"

"ನೀವ ತಗೊಳ್ರಿ ಸರ ಅಂದೆ."

ನನಗೆ ನಗು ಬಂತು. ತಡೆದುಕೊಂಡೆ. "ಕೆಲಸ?"

"ಎಲ್ಲೀದ್ರಿ. ಆಗ್ಲಿಲ್ಲ. ಇದು ಏಳನೇದು."

"ನನ್ನಿಂದ ಹೀಗಾಯ್ತು..."

"ಏ, ಬಿಡ್ರಿ!" ಎಂದು ಅವನು ಕೈ ಬೀಸಿದ. "ಮೊದಲಿನ ಆರಕ್ಕ ನನ್ನ ಪ್ಯಾಂಟಿನ್ಯಾಗ ಹೋಗಿದ್ದೆ. ಆವಾಗರೆ ಎಲ್ಲಿ ಆಗಿತ್ತು? ಗುರುವಾರ ಇನ್ನೊಂದೈತಿ. ಅದಕ್ಕ ನನ್ನ ಬಟ್ಟಿ ಮತ್ತೊಮ್ಮೆ ಇಸ್ತ್ರಿ ಮಾಡಿ ಕೊಡ್ರಿ. ಆದ್ರ ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ."

"ಏನು?"

"ಚೀಟಿ ಹಚ್ಚಬ್ಯಾಡ್ರಿ. ನಿಮ್ಮಪ್ಪಾರಿಗೆ ಹೇಳಿ ದಾರಾ ಕಟ್ಟಸ್ರಿ."

ಆಗ ತಡೆಯಲಾಗಲಿಲ್ಲ. ನಕ್ಕೆ. ಗೋಡೆ ಹಿಡಿದುಕೊಂಡು ನಕ್ಕೆ. ಹೊಟ್ಟೆ ಹಿಡಿದುಕೊಳ್ಳುವಷ್ಟು ನಗು ಬಂದು, ಅದರ ನಡುವೆ ಒಂದಿಷ್ಟು ಅಳುವೂ ಬಂದು, ಯಾವುದು ಯಾವುದೆಂದು ತಿಳಿಯದ ಹಾಗಾಯಿತು. ಏಳು ಸಲ ಬೇಡವೆನ್ನಿಸಿಕೊಂಡವನು ಎಂಟನೆಯದಕ್ಕೆ ಇಸ್ತ್ರಿ ಕೇಳುತ್ತಿದ್ದಾನೆ. ಎರಡು ಸಲಕ್ಕೇ ಕಂಬಳಿಗೆ ಬೇರು ಬಿಡಿಸಿದವಳು ನಾನು.

ಇಲ್ಲೊಂದು ಮಾತು ಸ್ಪಷ್ಟ ಮಾಡಿಬಿಡುತ್ತೇನೆ, ಏಕೆಂದರೆ ನಿಮ್ಮ ಮುಖ ನನಗೆ ಕಾಣಿಸುತ್ತಿದೆ. ನೀವು ಅಂದುಕೊಳ್ಳುತ್ತಿರುವ ಹಾಗೆ ಏನೂ ಆಗಲಿಲ್ಲ. ಬಸವರಾಜನಿಗೆ ಗುರುವಾರದ್ದೂ ಆಗಲಿಲ್ಲ, ಒಂಬತ್ತನೆಯದರಲ್ಲಿ ಒಂದು ಔಷಧಿ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಎರಡು ವರ್ಷದ ಮೇಲೆ ಅವನು ತನ್ನ ಸೋದರಮಾವನ ಮಗಳನ್ನು ಮದುವೆಯಾದ. ನಮ್ಮಪ್ಪನಿಗೆ ಲಗ್ನಪತ್ರಿಕೆ ಕೊಟ್ಟು, ಮದುವೆಯ ಸೂಟನ್ನೂ ಅಪ್ಪನ ಕೈಯಲ್ಲೇ ಇಸ್ತ್ರಿ ಮಾಡಿಸಿಕೊಂಡು ಹೋದ. ಕೆಂಪು ದಾರ, ಒಂದು ಗಂಟು.

ಅಂಕಲ್ಲರ ಪ್ಯಾಂಟು ಹಿಡಿದುಕೊಂಡು ಗಾಡಿಯ ಹತ್ತಿರ ಬಂದೆ. ಮಧ್ಯಾಹ್ನದ ಬಿಸಿಲು ಹೊಂಗೆ ಎಲೆಗಳ ನಡುವಿನಿಂದ ಬಿಳಿ ದುಪ್ಪಟಿಯ ಮೇಲೆ ಚುಕ್ಕಿ ಚುಕ್ಕಿಯಾಗಿ ಬಿದ್ದಿತ್ತು.

"ಅಪ್ಪಾ, ದಾರಾನೇ ಸರಿ ಇತ್ತು."

"ಹೂಂ."

"ಬೆಳಿಗ್ಗೆ ನಾನು ಹಂಗಂದಿದ್ದು..."

"ಚೀಟೀನೂ ಇರ್ಲಿ ಬಿಡು. ದಾರ ನಂಗೆ, ಚೀಟಿ ನಿಂಗೆ" ಎಂದ ಅಪ್ಪ. ಪೆಟ್ಟಿಗೆಯನ್ನು ಕಲ್ಲಿನ ಮೇಲಿಟ್ಟು, ಮೊದಲ ಸಲ ಕೇಳಿದ: "ಅದೇನ್ ಪಾಠಮ್ಮ ಅದು, ನಿಂಗೆ ಹತ್ತದೇ ಇರೋದು?"

ಹೇಗೆ ಹೇಳುವುದು? ಹೀಟ್ ಅಂಡ್ ಥರ್ಮೋಡೈನಾಮಿಕ್ಸ್ ಎಂದರೆ ಅವನಿಗೆ ಏನು ತಿಳಿಯಬೇಕು? "ಬಿಸಿ ಅಪ್ಪ" ಎಂದೆ. "ಬಿಸಿ ಅಂದ್ರೇನು, ಅದು ಎಲ್ಲಿಂದ ಎಲ್ಲಿಗೆ ಹೋಗತ್ತೆ, ಹೆಂಗ್ ಹೋಗತ್ತೆ ಅನ್ನೋದು."

ಅಪ್ಪ ನನ್ನನ್ನು ನೋಡಿದ. ಪೆಟ್ಟಿಗೆಯನ್ನು ನೋಡಿದ. ಮತ್ತೆ ನನ್ನನ್ನು ನೋಡಿದ.

"ಬಿಸೀಲಿ ಫೇಲಾದ್ಯಾ?"

"ಹೂಂ."

"ಈ ಗಾಡಿ ಪಕ್ಕ ಇಪ್ಪತ್ ವರ್ಷ ನಿಂತ್ಕೊಂಡು, ಬಿಸೀಲಿ ಫೇಲಾದ್ಯಾ?"

ಅಪ್ಪ ಹಾಗೆ ನಕ್ಕದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಗಾಡಿ ಹಿಡಿದುಕೊಂಡು ನಕ್ಕ. ಕೆಳಗೆ ಮಲಗಿದ್ದ ನಾಯಿ ಎದ್ದು ಹೊರಗೆ ಬಂದು ನಿಂತಿತು. ರಸ್ತೆಯಲ್ಲಿ ಹೋಗುತ್ತಿದ್ದವರು "ಏನ್ ಚಿಕ್ಕಣ್ಣ?" ಎಂದರೆ, "ನನ್ ಮಗಳು ಬಿಯೆಸ್ಸಿ, ಬಿಸೀಲಿ ಫೇಲು!" ಎನ್ನುತ್ತಾನೆ! ನಾನು ನಾಚಿಕೆಯಿಂದ ಕುಗ್ಗಬೇಕಿತ್ತು. ಆದರೆ ಬಿಯೆಸ್ಸಿ ಎನ್ನುವ ಮಾತು ಅವನ ಬಾಯಿಗೆ ವಾಪಸು ಬಂದಿತ್ತಲ್ಲ, ನನ್ನ ಕಿವಿಗೆ ಕೇಳಿಸಿದ್ದು ಅದೊಂದೇ.

ಶುಕ್ರವಾರ ಬೆಳಿಗ್ಗೆ ನನಗೆ ಎಚ್ಚರವಾಗಿತ್ತು, ಆದರೆ ಇನ್ನೂ ಹಾಸಿಗೆ ಬಿಟ್ಟಿರಲಿಲ್ಲ. ಶೀಟಿನಿಂದ ಒಂದು ಹನಿ ಕೆನ್ನೆಯ ಮೇಲೆ ಬಿತ್ತು. ಅಪ್ಪ ಬಾಗಿಲ ಬಳಿಯಿಂದ ಬಂದ. ಎರಡೂ ಕೈಯಲ್ಲಿ ನನ್ನ ನೀಲಿ ಚೂಡಿದಾರ್, ಅದರಿಂದ ಹಬೆ ಏಳುತ್ತಿತ್ತು. ಕಂಬಳಿ ಸರಿಸಿ ಅದನ್ನು ನನ್ನ ಬೆನ್ನಿಗೆ ಹೊದಿಸಿದ. ಇಪ್ಪತ್ತೊಂದು ವರ್ಷದವಳು ಮತ್ತೆ ಮೂರನೇ ಕ್ಲಾಸಿನವಳಾದೆ. ಬಿಸಿ ಆರುವ ಮುನ್ನ ಕಾಲೇಜು ತಲುಪಬೇಕೆಂದು ಬಿರಬಿರನೆ ನಡೆದೆ. ತಲುಪಲಿಲ್ಲವೆನ್ನಿ, ಹನುಮಂತನಗರದ ಹತ್ತಿರವೇ ಆರಿಹೋಯಿತು. ಫಾರಂ ಮಾತ್ರ ಕೊಟ್ಟೆ.

ಏಪ್ರಿಲ್‌ನಲ್ಲಿ ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಒಂದು ಪ್ರಶ್ನೆ ಹೀಗಿತ್ತು: ಶಾಖ ತಾನಾಗಿಯೇ ಯಾವುದರಿಂದ ಯಾವುದಕ್ಕೆ ಹರಿಯುತ್ತದೆ, ವಿವರಿಸಿ. ಎರಡು ಸಲ ಬಾಯಿಪಾಠ ಮಾಡಿ ಎರಡು ಸಲವೂ ಮರೆತದ್ದನ್ನು, ಈ ಸಲ ಪೆಟ್ಟಿಗೆಯಿಂದ ಬಟ್ಟೆಗೆ, ಬಟ್ಟೆಯಿಂದ ಬೆನ್ನಿಗೆ ಎಂದು ನೆನೆಸಿಕೊಂಡು ಎರಡು ಪುಟ ಬರೆದೆ. ಪಾಸಾದೆ. ಬೇಕಾದ್ದಕ್ಕಿಂತ ಆರು ಅಂಕ ಹೆಚ್ಚೇ ಬಂತು. ಆ ಆರನ್ನು ನಾನು ಅಪ್ಪನ ಹೆಸರಿಗೆ ಬಿಟ್ಟುಕೊಟ್ಟಿದ್ದೇನೆ.

ಘಟಿಕೋತ್ಸವದ ಫೋಟೋ ಈಗ ಪದ್ಮನಾಭನಗರದ ನಮ್ಮ ಮನೆಯ ಹಾಲಿನಲ್ಲಿದೆ. ಕಪ್ಪು ಗೌನು, ಕೈಯಲ್ಲಿ ಸುರುಳಿ, ಪಕ್ಕದಲ್ಲಿ ಅಪ್ಪ ಅಮ್ಮ. ಬಂದ ನೆಂಟರೆಲ್ಲ ಹೊಗಳುತ್ತಾರೆ. ಅಪ್ಪ ಮಾತ್ರ ಆ ಫೋಟೋ ನೋಡಿದಾಗಲೆಲ್ಲ ಮುಖ ಕಿವುಚುತ್ತಾನೆ. ಬಾಡಿಗೆಗೆ ತಂದ ಗೌ‌ನು ಸುಕ್ಕುಸುಕ್ಕಾಗಿತ್ತು. "ಒಂದೈದ್ ನಿಮಿಷ ಕೊಟ್ಟಿದ್ರೆ ಎಳ್ದು ಕೊಡ್ತಿದ್ದೆ" ಎಂದು ಈಗಲೂ ಹೇಳುತ್ತಾನೆ.

ಅಪ್ಪ ಗಾಡಿ ನಿಲ್ಲಿಸಿ ಮೂರು ವರ್ಷವಾಯಿತು. ಕಣ್ಣಿನ ಆಪರೇಷನ್ ಆದ ಮೇಲೆ ಕೆಂಡದ ಹತ್ತಿರ ಹೋಗಬೇಡಿ ಎಂದರು ಡಾಕ್ಟರು. ಅಮ್ಮನೂ ಅವನೂ ನಮ್ಮ ಜತೆಗೇ ಇದ್ದಾರೆ. ಬೇರೆ ಕಾಲದಲ್ಲಿ ಅಪ್ಪ ಚೆನ್ನಾಗಿಯೇ ಇರುತ್ತಾನೆ, ಪಾರ್ಕಿಗೆ ಹೋಗುತ್ತಾನೆ, ಬಂದವರ ಕಾಲರ್ ನೋಡಿ ಮನಸ್ಸಿನಲ್ಲೇ ಅಂಕ ಕೊಡುತ್ತಾನೆ. ಈ ಡಿಸೆಂಬರಿನಲ್ಲಿ ಮಾತ್ರ ಮೋಡ ಕವಿದ ಮೇಲೆ ಮಂಕಾದ. ಮಂಕಿ ಟೋಪಿ ಹಾಕಿಕೊಂಡು ಗೋಡೆ ಕಡೆ ತಿರುಗಿ ಮಲಗಿದವನು ತಿಂಡಿಗೂ ಏಳಲಿಲ್ಲ. "ಎದ್ದು ಏನ್ ಮಾಡ್ಬೇಕು?" ಎನ್ನುವುದೊಂದೇ ಮಾತು. ಅಮ್ಮ ಕಂಬಳಿ ಬೇರಿನ ವಿಷಯ ತೆಗೆದಳು. ಉಪಯೋಗವಾಗಲಿಲ್ಲ.

ಮೊನ್ನೆ ಸ್ಟಾಫ್ ರೂಮಿನ ಮಾತಾದ ಮರುದಿನ ಬೆಳಿಗ್ಗೆ, ನನ್ನ ಸೀರೆಗೆ ಹಚ್ಚಿದ್ದ ಇಸ್ತ್ರಿಯನ್ನು ಹಾಗೇ ಬಿಟ್ಟು ಅಪ್ಪನ ಬಿಳಿ ಅಂಗಿ ತೆಗೆದೆ. ಎಳೆದೆ. ಮಡಿಸದೆ ಎರಡೂ ಕೈಯಲ್ಲಿ ಹಿಡಿದು ಹೋಗಿ ಅವನ ಬೆನ್ನಿಗೆ ಹೊದಿಸಿದೆ.

ಅಪ್ಪ ಅಲುಗಾಡಲಿಲ್ಲ. ಆಮೇಲೆ ಮುಸುಕಿನಿಂದ ಒಂದು ಕೈ ಹೊರಗೆ ಬಂತು. ಅದು ಅಂಗಿಯ ಮೇಲೆ ಹರಿದಾಡಿ, ಭುಜದ ಹೊಲಿಗೆ ಮುಟ್ಟಿ, ಕಾಲರಿಗೆ ಬಂದು ನಿಂತಿತು. ಕಾಲರನ್ನು ಮಗುಚಿತು.

"ಒಳಮಗ್ಗುಲು ಎಳ್ದೇ ಇಲ್ಲ."

"ಹೊತ್ತಾಯ್ತಪ್ಪ, ಸ್ಕೂಲಿಗೆ..."

"ಮೇಲ್ಗಡೆ ಸ್ವೆಟರ್ ಬರತ್ತೆ ಅಂತಾನಾ?" ಅಪ್ಪ ಎದ್ದು ಕೂತ. "ಫೇಲು. ಇನ್ನೊಂದ್ಸಲ ಕಟ್ಟು."

ನಮ್ಮ ಮನೆಯವರು ಬಾಗಿಲಲ್ಲಿ ನಿಂತು ನಗುತ್ತಿದ್ದರು. ನಾನು ಇನ್ನೊಂದು ಸಲ ಕಟ್ಟಿದೆ. ಅಂದರೆ, ಕಟ್ಟಲು ಹೊರಟೆ. ಅಷ್ಟರಲ್ಲಿ ಅಪ್ಪ ಹಿಂದೆಯೇ ಬಂದು ನನ್ನ ಕೈಯಿಂದ ಪೆಟ್ಟಿಗೆ ಕಿತ್ತುಕೊಂಡ. ಎತ್ತಿ ತೂಗಿ ನೋಡಿ, "ಇದೇನಿದು, ಸೋಪಿನ ಡಬ್ಬಿ ಇದ್ದಂಗಿದೆ. ಭಾರಾನೇ ಇಲ್ಲ" ಎಂದು ಬೈದು, ಕಾಲರಿನ ಒಳಮಗ್ಗುಲಿಗೆ ಒಮ್ಮೆ, ಹೊರಮಗ್ಗುಲಿಗೆ ಒಮ್ಮೆ ಎಳೆದು, ಬಿಸಿ ಅಂಗಿಯನ್ನು ಒದರಿ ತೊಟ್ಟುಕೊಂಡ. ಗುಂಡಿ ಹಾಕಿಕೊಳ್ಳುವಾಗ ಟೋಪಿ ಅಡ್ಡ ಬಂತು. ಅದನ್ನು ತೆಗೆದು ಕುರ್ಚಿಯ ಮೇಲೆ ಎಸೆದ.

ಆಮೇಲೆ ತೋಳು ಮಡಿಸಿ, ಮನೆಯನ್ನೆಲ್ಲ ಒಮ್ಮೆ ಕಣ್ಣಾಡಿಸಿ ಕೇಳಿದ:

"ಇನ್ನೇನೇನಿದೆ, ತಗೊಂಬನ್ನಿ."